ಮನೆಯಲ್ಲಿ ಉಳಿದ 'ಫ್ಲಾಕ್ಸಾಸಿನ್' ಗುಳಿಗೆ

ಸಿಪ್ರೊಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ - ಇವುಗಳಲ್ಲಿ ಯಾವುದಾದರೊಂದರ ಎರಡು ಗುಳಿಗೆ ಹಲವರ ಮನೆಯಲ್ಲಿ ಉಳಿದಿರುವುದುಂಟು. ಇವೆಲ್ಲವೂ ಫ್ಲೋರೊಕ್ವಿನೊಲೋನ್ ಎಂಬ ಒಂದೇ ಕುಲದ ಮದ್ದುಗಳು. ಪೆನಿಸಿಲಿನ್ ಬೂಷ್ಟಿನಿಂದ ದೊರೆತದ್ದು. ಇವಾದರೋ ಪ್ರಯೋಗಶಾಲೆಯ ಸೃಷ್ಟಿ. ಮಲೇರಿಯಾ ಮದ್ದಾದ ಕ್ಲೋರೊಕ್ವಿನ್ ತಯಾರಿಕೆಯಲ್ಲಿ ಸಿಕ್ಕಿದ ಉಪವಸ್ತುವಿನ ಜಾಡು ಹಿಡಿದು ನಾಲಿಡಿಕ್ಸಿಕ್ ಆಮ್ಲವೆಂಬ ಮದ್ದು 1962ರಲ್ಲಿ ಬೆಳಕಿಗೆ ಬಂತು. ಅದೇ ಬಗೆಯ ಅಣುವಿಗೆ ಫ್ಲೋರಿನ್ ಸೇರಿಸಿದಾಗ ಶಕ್ತಿ ಹೆಚ್ಚಿತು. 1980ರ ದಶಕದಲ್ಲಿ ಈ ಹೊಸ ಮದ್ದುಗಳು ಬಳಕೆಗೆ ಬಂದವು.

ಇವು ಕೆಲಸ ಮಾಡುವ ಬಗೆ ಕುತೂಹಲಕರ. ನಮ್ಮ ಕರುಳಿನಲ್ಲಿರುವ ಇ. ಕೊಲೈ ಎಂಬ ಬ್ಯಾಕ್ಟೀರಿಯದ ಉದ್ದ ಮಿಲಿಮೀಟರಿನ ಸುಮಾರು 500ರಲ್ಲೊಂದು ಪಾಲು. ಅದರೊಳಗಿನ ಡಿಎನ್‌ಎ ಎಳೆಯಾದರೆ ಒಂದೂವರೆ ಮಿಲಿಮೀಟರಿಗೂ ಉದ್ದ! ತೆಂಗಿನ ನಾರಿನ ಹಗ್ಗದ ಎಳೆಗಳನ್ನು ನಡುವೆ ಬಿಡಿಸಿ ನೋಡಿ. ಉಳಿದ ಭಾಗದಲ್ಲಿ ಹುರಿ ಬಿಗಿದು ಗಂಟಾಗುತ್ತದೆ. ಬ್ಯಾಕ್ಟೀರಿಯ ಎರಡಾಗುವ ಮೊದಲು ಡಿಎನ್‌ಎ ನಕಲಾಗುವಾಗಲೂ ಹೀಗೆಯೇ. ಗೈರೇಸ್ ಎಂಬ ಕಿಣ್ವವು ಎಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಮದ್ದು ಕತ್ತರಿಸಲು ಬಿಡುತ್ತದೆ, ಜೋಡಿಸಲು ಬಿಡುವುದಿಲ್ಲ. ಡಿಎನ್‌ಎ ತುಂಡಾಗಿ ಬ್ಯಾಕ್ಟೀರಿಯ ಸಾಯುತ್ತದೆ. ಮನುಷ್ಯನ ಕಿಣ್ವ ಬೇರೆ ರೂಪದ್ದಾದ್ದರಿಂದ ನಾವು ಉಳಿಯುತ್ತೇವೆ.

ಮೂತ್ರನಾಳದ ಸೋಂಕು, ಕೆಲವು ಬಗೆಯ ಭೇದಿ, ನ್ಯುಮೋನಿಯಾ, ಎಲುಬಿನ ಸೋಂಕುಗಳಿಗೆ ವೈದ್ಯರು ಇವನ್ನು ಕೊಡುವುದುಂಟು. ಬೇರೆ ಮದ್ದಿಗೆ ಬಗ್ಗದ ಕ್ಷಯಕ್ಕೂ ಲಿವೊಫ್ಲಾಕ್ಸಾಸಿನ್ ಬೇಕು. ಆದರೆ ನೆಗಡಿ, ಫ್ಲೂ ಜ್ವರಗಳು ವೈರಸ್ಸಿನಿಂದ ಬರುವವು. ಅಲ್ಲಿ ಇವು ನಿರುಪಯೋಗಿ.

ಟೈಫಾಯ್ಡ್‌ನ ಕಥೆ ನಮಗೆ ಪಾಠ. 1990ರ ದಶಕದಲ್ಲಿ ಹಳೆಯ ಮದ್ದುಗಳು ಸೋತಾಗ ಸಿಪ್ರೊಫ್ಲಾಕ್ಸಾಸಿನ್ ಕೈಹಿಡಿಯಿತು. ಗೈರೇಸಿನಲ್ಲಿ ಸಣ್ಣ ಬದಲಾವಣೆಯಾದರೂ ಮದ್ದಿನ ಹಿಡಿತ ತಪ್ಪುತ್ತದೆ. ಅಂಥ ರೋಗಾಣುಗಳೇ ಬದುಕಿ ಬೆಳೆದು, ಇಂದು ಭಾರತದ ಟೈಫಾಯ್ಡ್ ರೋಗಾಣುಗಳಲ್ಲಿ ಹೆಚ್ಚಿನವು ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಬೇಡದ ಕಡೆ ನುಂಗಿದ ಗುಳಿಗೆಗಳೂ ಇದಕ್ಕೆ ಕಾರಣ.

ಅಪಾಯವೂ ಉಂಟು. ಹಿಮ್ಮಡಿಯ ಸ್ನಾಯುರಜ್ಜು ನೋಯಬಹುದು, ಹರಿಯಲೂಬಹುದು. 60 ದಾಟಿದವರಿಗೂ ಸ್ಟೀರಾಯ್ಡ್ ಸೇವಿಸುವವರಿಗೂ ಈ ಭಯ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಏರುಪೇರಾಗಬಹುದು. ಹಾಲು, ಕಬ್ಬಿಣಾಂಶದ ಗುಳಿಗೆ, ಹುಳಿತೇಗಿನ ಮದ್ದುಗಳ ಜತೆ ನುಂಗಿದರೆ ಇವು ಮೈಗೆ ಸರಿಯಾಗಿ ಹತ್ತುವುದಿಲ್ಲ.

ಆದುದರಿಂದ ವೈದ್ಯರ ಚೀಟಿಯಿಲ್ಲದೆ ಇವನ್ನು ಕೊಳ್ಳಬಾರದು, ನೆರೆಯವರಿಗೆ ಕೊಡಲೂಬಾರದು. ಮಲಯಾಳ, ಇಂಗ್ಲಿಷ್ ಓದಲು ಬಾರದ ಹಿರಿಯರ ಗುಳಿಗೆ ಪಟ್ಟಿಯ ಮೇಲೆ ಹೆಸರು, ಹೊತ್ತು, ದಿನಗಳ ಲೆಕ್ಕವನ್ನು ಮನೆಯ ಮಕ್ಕಳು ಕನ್ನಡದಲ್ಲಿ ಬರೆದಂಟಿಸಲಿ.