ಇಪ್ಪತ್ತು ರೂಪಾಯಿ ಚೀಟಿ, ನಾಲ್ಕು ದಿನದ ಕೂಲಿ

ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಎಷ್ಟಾಗುತ್ತದೆ? ಹೊರರೋಗಿ ಚೀಟಿಗೆ ಹತ್ತೋ ಇಪ್ಪತ್ತೋ ರೂಪಾಯಿ. ಆದರೆ ಹಳ್ಳಿಯ ಅಜ್ಜಿಯೊಬ್ಬರನ್ನು ಕೂಲಿ ಮಾಡುವ ಮಗ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೊರಟ ಅಂದುಕೊಳ್ಳಿ. ಲೆಕ್ಕ ಬೇರೆಯೇ ಆಗುತ್ತದೆ.

ಮೊದಲ ದಿನ ಇಎನ್‌ಟಿ ಡಾಕ್ಟರು ಕಿವಿಯೊಳಗೆ ನೋಡುತ್ತಾರೆ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅವತ್ತು ಪರೀಕ್ಷೆ ಇಲ್ಲ. ಔಷಧಿಯ ಹನಿ ಬಿಟ್ಟುಕೊಂಡು ನಾಲ್ಕಾರು ದಿನ ಕಳೆದು ಬರಬೇಕು. ಎರಡನೇ ಸಲ ಗುಗ್ಗೆ ತೆಗೆಸಿ ಪರೀಕ್ಷೆ. ಮೂರನೇ ಸಲ ಅಂಗವೈಕಲ್ಯದ ಸರ್ಟಿಫಿಕೇಟಿಗೆ, ಕಿವಿಯ ಅಚ್ಚಿಗೆ. ನಾಲ್ಕನೇ ಸಲ ಕಿವಿ ಕೇಳಿಸುವ ಮಿಷನ್ ಹಾಕಿಸಿಕೊಳ್ಳಲು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನಾಲ್ಕು ದಿನಕ್ಕೆ 1,480. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಅಜ್ಜಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಮಗನಿಗೆ ಟಿಕೆಟ್ಟು. ಮಗನ ಬದಲು ಸೊಸೆ ಹೋದರೆ ಟಿಕೆಟ್ ದುಡ್ಡು ಉಳಿದೀತು, ಕೂಲಿ ಉಳಿಯದು.

ಪರೀಕ್ಷೆಗೆ ಮಾತ್ರ ಅರ್ಧ ಗಂಟೆ ಸಾಕು. ಸದ್ದು ನುಸುಳದ ಕೋಣೆ, ಕಿವಿಗೆ ಹೆಡ್‌ಫೋನ್. 250ರಿಂದ 8,000 ಹರ್ಟ್ಸ್‌ವರೆಗಿನ ಕೂಗು ಒಂದೊಂದಾಗಿ ಬರುತ್ತದೆ. ಕೇಳಿಸಿತು ಅಂದರೆ 10 ಡೆಸಿಬಲ್ ಇಳಿಸುತ್ತಾರೆ, ಕೇಳಿಸದಿದ್ದರೆ 5 ಏರಿಸುತ್ತಾರೆ. ಕೊನೆಗೆ 500, 1,000, 2,000, 4,000 ಹರ್ಟ್ಸ್‌ಗಳ ಸರಾಸರಿ. ಅಜ್ಜಿಗೆ ಇವು ಕ್ರಮವಾಗಿ 45, 55, 65, 75 ಡೆಸಿಬಲ್‌ನಲ್ಲಿ ಕೇಳಿಸಿದರೆ ಸರಾಸರಿ 60. ಎರಡೂ ಕಿವಿಯಲ್ಲಿ ಇಷ್ಟಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಕೆಯನ್ನು ಮಂದಶ್ರವಣದವರ ಸಾಲಿಗೆ ಸೇರಿಸುತ್ತದೆ. 70 ಆದರೆ ಕಿವುಡರ ಸಾಲಿಗೆ. ವಯಸ್ಸಾದಂತೆ ಎತ್ತರದ ಸ್ಥಾಯಿಯ ಸದ್ದುಗಳೇ ಮೊದಲು ಹೋಗುವುದರಿಂದ ಸ, ಶ, ಚ ಕಳೆದುಹೋಗುತ್ತವೆ. 'ಮಾತು ಕೇಳಿಸ್ತದೆ, ಏನಂದ್ರಿ ಅಂತ ತಿಳಿಯಲ್ಲ' ಎಂದು ಮುದುಕರು ಹೇಳುವುದು ಆಡಿಯೋಗ್ರಾಂ ಎಂಬ ಪರೀಕ್ಷೆಯ ನಕ್ಷೆ ನೋಡದೆಯೇ ಹೇಳಿದ ಸರಿಯಾದ ವರದಿ.

ಹಣದ ಬಾಗಿಲು ಇರುವುದು ಅಂಗವೈಕಲ್ಯದ ಶೇಕಡಾವಾರಿನಲ್ಲಿ, 40 ಮುಟ್ಟಿದರೆ ತೆರೆಯುತ್ತದೆ. ಡೆಸಿಬಲ್ಲನ್ನು ಕೋಷ್ಟಕ ನೋಡಿ ಶೇಕಡಾಕ್ಕೆ ತಿರುಗಿಸಿ, ಚೆನ್ನಾಗಿರುವ ಕಿವಿಯದನ್ನು ಐದರಿಂದ ಗುಣಿಸಿ, ಕೆಟ್ಟ ಕಿವಿಯದನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಒಂದು ಕಿವಿ ಶೇ 30, ಇನ್ನೊಂದು ಶೇ 90 ಇದ್ದವರಿಗೆ 150 ಮತ್ತು 90 ಸೇರಿ 240, ಆರರಲ್ಲಿ ಭಾಗಿಸಿದರೆ ಸರಿಯಾಗಿ 40. ಬಾಗಿಲು ತೆರೆಯಿತು. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದವರಿಗೆ ಬರುವುದು 16.7 ಅಷ್ಟೆ. ಲಾರಿಯ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯದವನಿಗೆ ಈ ಗಣಿತ ಒಗಟಾಗಿ ಕಂಡರೆ ತಪ್ಪೇನಿಲ್ಲ. 40 ಮುಟ್ಟಿದವರಿಗೆ, ತಿಂಗಳ ಆದಾಯ 22,500 ರೂಪಾಯಿಯೊಳಗಿದ್ದರೆ, ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಮಿಷನ್ ಉಚಿತ.

ಸೆಲ್ಲಿನ ಖರ್ಚು ಆಮೇಲಿನದು. ಒಂದು ಸೆಲ್ ಹತ್ತು ದಿನ ಬಾಳಿದರೆ ವರ್ಷಕ್ಕೆ ಕಿವಿಯೊಂದಕ್ಕೆ 36-37 ಬೇಕು, ಅಂದರೆ ಆರರ ಪಟ್ಟಿ ಆರೇಳು. ಪಟ್ಟಿಗೆ 200 ರೂಪಾಯಿ ಹಿಡಿದರೂ 1,200 ದಾಟುತ್ತದೆ. ಉಚಿತವಾಗಿ ಬಂದ ಮಿಷನ್ ಗೂಡಿನ ಡಬ್ಬಿ ಸೇರಲು ಇದು ಸಾಕಷ್ಟು ದೊಡ್ಡ ಕಾರಣ.

ಎಷ್ಟು ಜನರ ಮಾತಿದು? ದೇಶದ ಶೇ 6.3ರಷ್ಟು ಮಂದಿಗೆ, ಸುಮಾರು 6.3 ಕೋಟಿ ಜನರಿಗೆ, ಗಣನೀಯ ಶ್ರವಣದೋಷ ಇತ್ತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಂದಾಜು. 2011ರ ಜನಗಣತಿಯಲ್ಲಿ ಸಿಕ್ಕವರು ಸುಮಾರು 50.7 ಲಕ್ಷ, ಹನ್ನೆರಡರಲ್ಲಿ ಒಂದು ಪಾಲು. ವ್ಯಾಖ್ಯೆಗಳು ಬೇರೆ ಬೇರೆ, ನಿಜ. ಮನೆಬಾಗಿಲಲ್ಲಿ 'ನಮ್ಮಪ್ಪನಿಗೆ ಕಿವಿ ಕೇಳಲ್ಲ' ಎಂದು ಬರೆಸುವವರೂ ಕಡಿಮೆ. 6,000 ಜನರ ಪಂಚಾಯಿತಿಗೆ ಆ ಶೇ 6.3 ಅನ್ವಯಿಸಿದರೆ 378 ಮಂದಿ. ಅಷ್ಟೂ ಮಂದಿ ನಾಲ್ಕು ನಾಲ್ಕು ಸಲ ಹೋದರೆ 1,512 ಓಡಾಟ.

ಓಡಾಟವೇ ಬೇಡದ ಪರೀಕ್ಷೆಯೂ ಒಂದಿದೆ. ಹೆರಿಗೆಯಾದ ತಾಯಿ ಇನ್ನೂ ಆಸ್ಪತ್ರೆಯಲ್ಲೇ ಇರುವಾಗ, ಮಲಗಿದ ಕೂಸಿನ ಕಿವಿಗೆ ಪುಟ್ಟ ಬಿರಡೆಯಿಟ್ಟು ಮಾಡುವ ಒಎಇ. ಕೆಲವೇ ನಿಮಿಷದ ಕೆಲಸ. ತಜ್ಞರ ಸೂತ್ರ 1-3-6: ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ಚಿಕಿತ್ಸೆ. ತಪಾಸಣೆಯಲ್ಲಿ 'ರೆಫರ್' ಎಂದು ಬಂದರೆ ಮಾತ್ರ ಮತ್ತೆ ಬರಬೇಕು. ಆಗ ಬಾಣಂತಿ ಬಸ್ಸು ಹತ್ತಬೇಕು, ಎಳೆ ಮಗುವಿನೊಂದಿಗೆ.