ದರೋಡೆಗೆ ಬಂದವರೂ ಮನೆ ನೋಡಬಂದವರೂ

ಬ್ಯಾಂಕು ದೋಚಹೊರಟವರು ಎಷ್ಟು ಹಣ ಕೇಳಿಯಾರು? ಫ್ರೆಡ್ರಿಕ್ ಬಾಕ್‌ಮನ್ ಎಂಬ ಸ್ವೀಡನ್ ದೇಶದ ಕಾದಂಬರಿಕಾರರ ‘ಆಂಕ್ಷಸ್ ಪೀಪಲ್’ ಪುಸ್ತಕದಲ್ಲಿ ಕೇಳಿದ್ದು ಬರಿಯ 6,500 ಕ್ರೋನರ್. ಮನೆಬಾಡಿಗೆಗೆ ಬೇಕಾದಷ್ಟು, ಅದರ ಮೇಲೆ ಒಂದು ಕಾಸೂ ಬೇಡ. ಅದೂ ಪಿಸ್ತೂಲು ಹಿಡಿದು ನುಗ್ಗಿದ್ದು ನಗದನ್ನೇ ಇಟ್ಟುಕೊಳ್ಳದ ಬ್ಯಾಂಕಿಗೆ! ಗಲ್ಲೆಯಲ್ಲಿ ಕುಳಿತ ಹುಡುಗಿ ಹೆದರುವುದಿರಲಿ, ಇಷ್ಟೂ ತಿಳಿಯದೆ ಬಂದಿರಾ ಎಂಬಂತೆ ಮುಖ ಸಿಂಡರಿಸುತ್ತಾಳೆ.

ದರೋಡೆಗೆ ಬಂದದ್ದು ಗಂಡಸೋ ಹೆಂಗಸೋ ಎಂದು ವಾಚಕರು ಕೇಳಬಾರದು. ಅದನ್ನು ಗ್ರಂಥಕರ್ತರೇ ಬಹಳ ದೂರದವರೆಗೆ ಗುಟ್ಟಾಗಿಟ್ಟಿದ್ದಾರೆ. ನಮ್ಮ ಕನ್ನಡದಲ್ಲಿ ಈ ಗುಟ್ಟು ಕಾಯುವುದು ಸುಲಭವಲ್ಲ. ಬಂದನೆಂದರೂ ಬಂದಳೆಂದರೂ ಕಥೆ ಕೆಟ್ಟಿತು. ಆದುದರಿಂದ ನಾನು ‘ಬಂದವರು’ ಎಂದು ಬಹುವಚನದಲ್ಲೇ ಹೇಳುತ್ತೇನೆ. ಕಳ್ಳರಿಗೆ ಇಷ್ಟು ಮರ್ಯಾದೆ ಏಕೆಂದು ನಗಬಹುದು. ಪುಸ್ತಕ ಓದಿದವರು ನಗಲಾರರು.

ಸರಿ, ಬರಿಗೈಯಲ್ಲಿ ಓಡಿದ ಆ ಮಹನೀಯರು ಎದುರಿನ ಕಟ್ಟಡವನ್ನು ಹೊಕ್ಕು, ತೆರೆದಿದ್ದ ಬಾಗಿಲಿನಲ್ಲಿ ನುಗ್ಗುತ್ತಾರೆ. ಒಳಗೆ ಮನೆ ತೋರಿಸುವ ಕಾರ್ಯ ನಡೆದಿದೆ. ಮುಂಬಯಿಯಲ್ಲಿ ದಲ್ಲಾಳಿ ನಮ್ಮನ್ನು ಒಂದೊಂದೇ ಸಂಸಾರವಾಗಿ ಕರೆದೊಯ್ದು ಮನೆ ತೋರಿಸುತ್ತಾನಷ್ಟೆ? ಸ್ವೀಡನ್ನಿನಲ್ಲಿ ಮಾರಾಟದ ಮನೆಯನ್ನು ಗೊತ್ತಾದ ಹೊತ್ತಿಗೆ ತೆರೆದಿಡುವುದು ರೂಢಿ. ಕೊಳ್ಳುವ ಆಸೆಯವರೆಲ್ಲ ಒಟ್ಟಿಗೆ ಬಂದು, ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ಅಳೆಯುತ್ತ, ಗೋಡೆ ತಟ್ಟಿ ನೋಡುತ್ತಾರೆ. ಹಾಗೆ ಸೇರಿದ ಅಪರಿಚಿತರು ಹೊಸ ವರುಷದ ಮುನ್ನಾದಿನದ ಹಿಂದಿನ ದಿನ ಒತ್ತೆಯಾಳುಗಳಾಗುತ್ತಾರೆ. ಇವರಷ್ಟು ತಲೆಹರಟೆ ಒತ್ತೆಯಾಳುಗಳನ್ನು ನಾನು ಇನ್ನಾವ ಕಥೆಯಲ್ಲೂ ಕಂಡಿಲ್ಲ. ಪಿಸ್ತೂಲು ಹಿಡಿದವರಿಗೇ ಕೊನೆಗೆ ಅಳು ಬರುತ್ತದೆ.

ಜೂಲಿಯಾ ತುಂಬು ಗರ್ಭಿಣಿ. ಅವಳ ಸಂಗಾತಿ ರೋ ಎಂಬವಳು ನೋಡಿದ ಮನೆಗೆಲ್ಲ ಒಂದು ಕುಂದು ಹುಡುಕುತ್ತಾಳೆ. ನಿಜವಾದ ಅಂಜಿಕೆ ಮನೆಯದಲ್ಲ, ಬರಲಿರುವ ಮಗುವಿನದು. ನಿವೃತ್ತ ದಂಪತಿಗಳಾದ ರೋಜರ್ ಮತ್ತು ಆನಾ-ಲೇನಾ ಮನೆ ಕೊಂಡು, ರಿಪೇರಿ ಮಾಡಿ, ಮಾರುವ ಚಟ ಹಿಡಿದವರು. ಗಂಡನಿಗೆ ಸದಾ ತಾನೇ ಗೆದ್ದೆನೆಂಬ ತೃಪ್ತಿಯಿರಲಿ ಎಂದು ಆಕೆ ಗುಟ್ಟಾಗಿ ಒಬ್ಬ ನಟನಿಗೆ ಹಣ ಕೊಟ್ಟಿದ್ದಾಳೆ. ಅವನು ಮೊಲದ ತಲೆ ತೊಟ್ಟು, ಚಡ್ಡಿಯಲ್ಲಿ, ಬಚ್ಚಲುಮನೆಯಿಂದ ಹೊರಬಿದ್ದು ಉಳಿದ ಗಿರಾಕಿಗಳನ್ನು ಓಡಿಸಬೇಕು! ನಕ್ಕು ಹೊಟ್ಟೆ ಹಿಡಿದುಕೊಂಡೆ. ಎರಡು ಪುಟ ಕಳೆದ ಮೇಲೆ ಆ ಹೆಂಗಸಿನ ಪ್ರೀತಿ ಎಂಥದೆಂದು ಹೊಳೆದು ಸುಮ್ಮನಾದೆ. ಎಸ್ಟೆಲ್ ಎಂಬ ಎಂಬತ್ತು ದಾಟಿದ ಮುದುಕಿಯಂತೂ ತನ್ನ ಗಂಡ ಕಾರು ನಿಲ್ಲಿಸಹೋಗಿದ್ದಾನೆ, ಇನ್ನೇನು ಬಂದಾನು ಎನ್ನುತ್ತಲೇ ಇದ್ದಾಳೆ. ಇಷ್ಟು ಹೊತ್ತೇ ಎಂಬ ಸಂಶಯ ಉಳಿದವರಿಗೆ ಬರಬಹುದು, ಮುಂಬಯಿಯವರಾದ ನಮಗೆ ಬರುವುದಿಲ್ಲ!

ನನ್ನ ಮನಸ್ಸಿನಲ್ಲಿ ನಿಂತವಳು ಜಾರಾ. ಬ್ಯಾಂಕಿನ ದೊಡ್ಡ ಅಧಿಕಾರಿ, ನಾಲಿಗೆ ಕತ್ತಿ. ಹತ್ತು ವರ್ಷದ ಹಿಂದೆ, ಹಣಕಾಸಿನ ಕುಸಿತದಲ್ಲಿ ಎಲ್ಲವನ್ನೂ ಕಳೆದುಕೊಂಡವನೊಬ್ಬ ಸಾಲಕ್ಕೆ ಬಂದಾಗ ಆಕೆ ಕೊಡಲಾಗದೆಂದಳು. ಆತ ಊರ ಸೇತುವೆಗೆ ಹೋದವನು ಮನೆಗೆ ಹಿಂದಿರುಗಲಿಲ್ಲ. ಹೋಗುವ ಮುನ್ನ ಆಕೆಗೊಂದು ಕಾಗದ ಬರೆದಿದ್ದ. ಹತ್ತು ವರ್ಷವೂ ಅದು ಆಕೆಯ ಕೈಚೀಲದಲ್ಲಿದೆ, ಒಡೆದಿಲ್ಲ. ಜಾರಾ ಮನೆ ನೋಡುವ ನೆವದಲ್ಲಿ ಮನೆಯಿಂದ ಮನೆಗೆ ಅಲೆಯುವುದು ಕೊಳ್ಳುವುದಕ್ಕಲ್ಲ, ಆ ಬಾಲ್ಕನಿಗಳಿಂದ ಸೇತುವೆ ಕಾಣುತ್ತದೆಂದು. ಅಂದು ಆ ಮನುಷ್ಯನನ್ನು ಮಾತಾಡಿಸಿ ನಿಲ್ಲಿಸಲು ಹೆಣಗಿ ಸೋತ ಹುಡುಗನೇ ಇಂದು ಈ ಪ್ರಕರಣದ ವಿಚಾರಣೆ ನಡೆಸುವ ಪೊಲೀಸ್ ಜ್ಯಾಕ್. ಅವನ ಜೊತೆಗಾರ ಜಿಮ್ ಸ್ವಂತ ತಂದೆ. ಅಪ್ಪ ಮಗ ಒಂದೇ ಠಾಣೆಯಲ್ಲಿ ಕೂತು ಜಗಳವಾಡುವ ಪ್ರಸಂಗಗಳು ನಮ್ಮ ಮನೆಗಳಲ್ಲೇ ನಡೆದಂತಿವೆ.

ಕುಂದಿಲ್ಲವೆಂದಲ್ಲ. ಮೊದಲ ಐವತ್ತು ಪುಟ ಲೇಖಕರು ಅಡ್ಡ ಬಂದು ಬಹಳ ಹರಟುತ್ತಾರೆ. ಮನುಷ್ಯರೆಲ್ಲ ಮೂಢರೆಂಬುದನ್ನು ಒಮ್ಮೆ ಹೇಳಿದ್ದರೆ ಸಾಕಿತ್ತು. ಊರಿನ ಎಲ್ಲ ಎಳೆಗಳೂ ಒಂದೇ ಕೋಣೆಯಲ್ಲಿ ಗಂಟಾಗುವುದೂ ಅತಿಯಾಯಿತು. ಆದರೆ ಓದುವಾಗ ಮನಸ್ಸು ಲೆಕ್ಕ ಕೇಳುವುದಿಲ್ಲ. ಸ್ವೀಡಿಷ್ ಮೂಲ 2019ರಲ್ಲೂ, ನೀಲ್ ಸ್ಮಿತ್ ಅವರ ಇಂಗ್ಲಿಷ್ ಅನುವಾದ 2020ರಲ್ಲೂ ಬಂದವು. ಬಾಕ್‌ಮನ್ನರಿಗೆ ಹೆಸರು ತಂದದ್ದು 2012ರ ‘ಎ ಮ್ಯಾನ್ ಕಾಲ್ಡ್ ಓವೆ’. ಸಿಡುಕು ಮುದುಕನ ಆ ಕಥೆ ಟಾಮ್ ಹ್ಯಾಂಕ್ಸ್ ನಟಿಸಿದ ಚಿತ್ರವಾಗಿ 2022ರಲ್ಲಿ ಬಂದುದನ್ನು ಕೆಲವರು ನೋಡಿರಬಹುದು.

ಎಸ್ಟೆಲ್ ಅಜ್ಜಿಯ ಬಳಿ ನೆರೆಮನೆಯ ಬೀಗದ ಕೈಯೊಂದಿದೆ. ಲಿಫ್ಟಿನಲ್ಲಿ ಭೇಟಿಯಾದಾಗ ಅವಳೊಡನೆ ಪುಸ್ತಕ ಬದಲಾಯಿಸಿಕೊಳ್ಳುತ್ತಿದ್ದ ನೆರೆಯವನದು. ಕಥೆಯಲ್ಲಿ ಅದು ಮಾಡುವ ಕೆಲಸವನ್ನು ನಾನು ಹೇಳಲಾರೆ. ಆದರೆ ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ ಎದ್ದೆ. ನಮ್ಮ ಅಡಿಗೆಮನೆಯ ಮೊಳೆಯಲ್ಲೂ ಅಂಥದೊಂದು ಬೀಗದ ಕೈ ತೂಗುತ್ತಿತ್ತು. ಎದುರು ಬಾಗಿಲಿನ ಗುಜರಾತಿ ಅಜ್ಜಿ, ಮಗ ಪರದೇಶಕ್ಕೆ ಹೋದಾಗ, ಹೊತ್ತಿಗಿರಲೆಂದು ನನ್ನ ಮನೆಯವಳ ಕೈಗೆ ಕೊಟ್ಟದ್ದು. ಚಾಳಿನಲ್ಲಿದ್ದಾಗ ದಿನಕ್ಕೆ ಹತ್ತು ಸಲ ನೆರೆಯವರ ಹೊಸಿಲು ತುಳಿಯುತ್ತಿದ್ದ ನಾವು, ಈ ಫ್ಲ್ಯಾಟಿಗೆ ಬಂದ ಮೇಲೆ ಅವರ ಬಾಗಿಲು ತಟ್ಟಿದ್ದು ಯಾವಾಗಲೆಂದು ಇಬ್ಬರಿಗೂ ನೆನಪಾಗಲಿಲ್ಲ.

ಅಂದೇ ಸಂಜೆ ಹೋಗಿ ಗಂಟೆ ಒತ್ತಿದೆವು. ಅಜ್ಜಿ ಸರಪಳಿಯ ಸಂದಿಯಿಂದ ನೋಡಿ, ನಲ್ಲಿಯಲ್ಲಿ ನೀರು ನಿಂತಿತೇ ಎಂದು ಕೇಳಿದರು. ಸುಮ್ಮನೆ ಬಂದೆವೆಂದರೆ ನಂಬಲಿಲ್ಲ. ಚಹಾ ಆಯಿತು, ಮಗನ ಫೋಟೋಗಳಾದವು. ಬೀಗದ ಕೈ ತೋರಿಸಿದಾಗ ಅಜ್ಜಿ ನಕ್ಕುಬಿಟ್ಟರು. ಬೀಗ ಬದಲಾಯಿಸಿ ಎರಡು ವರ್ಷವಾಯಿತಂತೆ. ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಹೊಸದು ಈಗ ಅದೇ ಮೊಳೆಯಲ್ಲಿದೆ. ಹಳೆಯದನ್ನು ಬಿಸಾಡಲು ನನ್ನ ಮನೆಯವಳು ಒಪ್ಪಲಿಲ್ಲ.