ಸೆಲ್ಫ್ ಎತ್ತದ ಕಾರಿಗೆ ಆಪದ್ಬಾಂಧವರು

ಬ್ಯಾಟರಿ ಡೌನ್ ಆದ ಕಾರಿಗೆ ಜಂಪ್ ಕೊಡಲು ಇಂದು ಕರೆದಲ್ಲಿಗೆ ಬರುವ ಮೆಕ್ಯಾನಿಕ್‌ನ ವಂಶಾವಳಿ ಹುಡುಕುತ್ತ ಹೋದರೆ, ಪೊಲೀಸರ ಕಣ್ಣಿಗೆ ಮಣ್ಣೆರಚುತ್ತಿದ್ದ ಸೈಕಲ್ ಸವಾರರು ಸಿಗುತ್ತಾರೆ.

ಬ್ರಿಟನ್ನಿನಲ್ಲಿ ಆಗ ಕಾರುಗಳ ವೇಗಮಿತಿ ಗಂಟೆಗೆ 20 ಮೈಲಿ. ಗಡಿಯಾರ ಹಿಡಿದು ಬೇಲಿ ಮರೆಯಲ್ಲಿ ಕೂರುತ್ತಿದ್ದ ಪೊಲೀಸರ ಕಾಟಕ್ಕೆ ಬೇಸತ್ತ ಮಾಲೀಕರು 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಕಟ್ಟಿಕೊಂಡರು. ಸಂಘದ ಆಳುಗಳು ಸೈಕಲ್ ಮೇಲೆ ರಸ್ತೆ ಸುತ್ತುತ್ತ, ಮುಂದೆ ಪೊಲೀಸರಿದ್ದಾರೆ ಎಂದು ಸದಸ್ಯರಿಗೆ ಸನ್ನೆ ಮಾಡುತ್ತಿದ್ದರು. ಇದು ಪೊಲೀಸರ ಕೆಲಸಕ್ಕೆ ಅಡ್ಡಿ ಎಂದು 1910ರಲ್ಲಿ ನ್ಯಾಯಾಲಯ ಹೇಳಿತು. ಪೊಲೀಸರು ಚಾಪೆ ಕೆಳಗೆ ತೂರಿದರೆ ಸಂಘ ರಂಗೋಲಿ ಕೆಳಗೆ ತೂರಿತು. ಸದಸ್ಯರ ಕಾರು ಕಂಡಾಗಲೆಲ್ಲ ಆಳು ಸೆಲ್ಯೂಟ್ ಹೊಡೆಯಬೇಕು. ಹೊಡೆಯದಿದ್ದರೆ ಸದಸ್ಯರು ಗಾಡಿ ನಿಲ್ಲಿಸಿ ಕಾರಣ ಕೇಳಬೇಕು! ಸುಮ್ಮನೆ ನಿಂತವನ ಮೇಲೆ ಯಾವ ಕೋರ್ಟು ತಾನೇ ಕೇಸು ನಡೆಸೀತು? ಮುಂದೆ 1920ರ ಹೊತ್ತಿಗೆ ಇದೇ ಆಳುಗಳು ಸಲಕರಣೆ ತುಂಬಿದ ಸೈಡ್‌ಕಾರ್ ಮೋಟರ್‌ಸೈಕಲ್ ಏರಿ, ಕೆಟ್ಟು ನಿಂತ ಗಾಡಿಗಳಿಗೆ ಕೈಹಚ್ಚತೊಡಗಿದರು. ಜರ್ಮನಿಯ ಎಡಿಎಸಿ ಸಂಘದ ಹಳದಿ ಗಾಡಿಗಳು ರಸ್ತೆಗಿಳಿದದ್ದು 1954ರಲ್ಲಿ. ಜನ ಅವರನ್ನು ಹಳದಿ ದೇವದೂತರೆಂದೇ ಕರೆದರು.

ಅಷ್ಟರಲ್ಲಿ ಕಾರೂ ಬದಲಾಗಿತ್ತು. ಮೊದಲೆಲ್ಲ ಮೂತಿಗೆ ಹ್ಯಾಂಡಲ್ ತೂರಿಸಿ ತಿರುವಿದರೆ ಮಾತ್ರ ಎಂಜಿನ್ ಎದ್ದೇಳುತ್ತಿತ್ತು. ಅದು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದು ಮಾಮೂಲು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಇದಕ್ಕೆ ಮದ್ದು ಅರೆದರು. ಅಂಗಡಿಯ ಕ್ಯಾಶ್ ರಿಜಿಸ್ಟರಿಗೆ ಪುಟ್ಟ ವಿದ್ಯುತ್ ಮೋಟರ್ ಕೂರಿಸಿ ಪಳಗಿದ್ದ ಆಸಾಮಿ. ಕ್ಷಣಕಾಲವಷ್ಟೇ ದುಡಿಯಬೇಕಾದ ಮೋಟರಿನಿಂದ, ಅದರ ಗಾತ್ರಕ್ಕೆ ಮೀರಿದ ಕೆಲಸ ತೆಗೆಯಬಹುದೆಂಬುದು ಅವರಿಗೆ ಗೊತ್ತಿತ್ತು. 1912ರ ಕ್ಯಾಡಿಲಾಕ್‌ನಲ್ಲಿ ಅವರ ಸೆಲ್ಫ್ ಸ್ಟಾರ್ಟರ್ ಬಂತು. ಆ ಒಂದು ಕ್ಷಣದ ಬಲವನ್ನೆಲ್ಲ ಒದಗಿಸುವ ಹೊಣೆ ಸೀಸ ಮತ್ತು ಆಮ್ಲದ ಡಬ್ಬಿಯ ಮೇಲೆ ಬಿತ್ತು. ಜುಟ್ಟು ಬ್ಯಾಟರಿಯ ಕೈಗೆ ಹೋದದ್ದು ಹೀಗೆ.

ನಮ್ಮ ಅಂಬಾಸಿಡರ್ ಮಾತ್ರ ಬಹುಕಾಲ ಹ್ಯಾಂಡಲ್ ಬಿಟ್ಟುಕೊಡಲಿಲ್ಲ. ಹ್ಯಾಂಡಲ್ ಇಲ್ಲದವರಿಗೆ ಬೀದಿಯ ಹುಡುಗರಿದ್ದರು: ಸೆಕೆಂಡ್ ಗೇರ್, ಕ್ಲಚ್ ಒತ್ತು, ತಳ್ಳು, ಬಿಡು. ಈಗಿನ ಆಟೊಮ್ಯಾಟಿಕ್ ಗಾಡಿಗಳು ಆ ವಿದ್ಯೆಗೆ ಸೊಪ್ಪು ಹಾಕುವುದಿಲ್ಲ. ಸಾಲದ್ದಕ್ಕೆ ಅಲಾರಂ, ಗಡಿಯಾರ, ರಿಮೋಟ್ ಕೀಲಿಯ ಸಂಕೇತಕ್ಕೆ ಕಿವಿಗೊಟ್ಟು ಕೂತ ಸರ್ಕ್ಯೂಟು, ಎಲ್ಲವೂ ನಿಂತ ಕಾರಿನ ಬ್ಯಾಟರಿಯನ್ನು ತೊಟ್ಟು ತೊಟ್ಟಾಗಿ ಹೀರುತ್ತಿರುತ್ತವೆ. 2020ರ ಲಾಕ್‌ಡೌನ್ ಮುಗಿದು ಕಾರು ತೆಗೆಯಹೋದ ಎಷ್ಟೋ ಜನರಿಗೆ ಇದರ ಬಿಸಿ ತಟ್ಟಿತ್ತು. ಈಗಂತೂ ರಸ್ತೆಬದಿಯ ನೆರವು ವಿಮೆಯ ಜೊತೆಗೇ ಸಿಗುತ್ತದೆ.

ನಾಲ್ಕು ಕ್ಲಿಪ್ ಸಿಕ್ಕಿಸಲು ಯಾಕೆ ದುಡ್ಡು ಎಂದು ಗೊಣಗುವವರು ಕೆಲಸ ಬಲ್ಲವನ ಕೈಯನ್ನೊಮ್ಮೆ ನೋಡಬೇಕು. ಕೆಂಪು ಕ್ಲಿಪ್ ಮೊದಲು ಸೋತ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಗಟ್ಟಿ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕ್ಲಿಪ್ ಗಟ್ಟಿ ಬ್ಯಾಟರಿಯ ಮೈನಸ್ಸಿಗೆ. ನಾಲ್ಕನೆಯದನ್ನು ಆತ ಸೋತ ಬ್ಯಾಟರಿಗೆ ಹಾಕದೆ, ಎಂಜಿನ್ನಿನ ಮೇಲೆ ಬಣ್ಣವಿಲ್ಲದ ಲೋಹ ಹುಡುಕಿ ಅಲ್ಲಿಗೆ ಕಚ್ಚಿಸುತ್ತಾನೆ. ಕೊನೆಯ ಕ್ಲಿಪ್ ತಾಗುವಾಗ ಕಿಡಿ ಹಾರಬಹುದು. ಬ್ಯಾಟರಿಯ ಸುತ್ತ ಹೈಡ್ರೋಜನ್ ಕವಿದಿರಬಹುದು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಫ್ಯೂಸು, ಆಲ್ಟರ್ನೇಟರ್ ಡಯೋಡು, ಕಾರಿನ ಕಂಪ್ಯೂಟರಿಗೂ ಕುತ್ತು.

ಎಂಜಿನ್ ಗುರುಗುಟ್ಟಿದೊಡನೆ ಒಳ್ಳೆಯ ಮೆಕ್ಯಾನಿಕ್ ಗಂಟುಮೂಟೆ ಕಟ್ಟುವುದಿಲ್ಲ. ಕೇಬಲ್ ಬಿಚ್ಚಿ ಮೀಟರ್ ಹಿಡಿಯುತ್ತಾನೆ. 14 ವೋಲ್ಟ್ ಆಸುಪಾಸು ತೋರಿಸಿದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿದೆ ಎಂದರ್ಥ. ಎಂಜಿನ್ ಓಡುತ್ತಿದ್ದರೂ ಮುಳ್ಳು 12ರ ಹತ್ತಿರವೇ ತೂಕಡಿಸುತ್ತಿದ್ದರೆ ಹೊಸ ಬ್ಯಾಟರಿ ಕೊಂಡೂ ಪ್ರಯೋಜನವಿಲ್ಲ. ಗಾಡಿಯನ್ನು ಎಲ್ಲೂ ಆಫ್ ಮಾಡದೆ ನೇರ ಗ್ಯಾರೇಜಿಗೆ ಒಯ್ಯಿರಿ ಎನ್ನುತ್ತಾನೆ.